ಮಿಷನ್ನೂ ಗಾಜಿನ ಬಳೆಯೂ

ಗಂಜಾಂನಲ್ಲಿ ನಮ್ಮದೊಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಕಟ್ಟಿನ ಪಟ್ಟಿಗಳ ತುದಿಯನ್ನು ಓರೆಯಾಗಿ ಕುಯ್ಯಲು ಮೈಟರ್ ಸಾ ಇದೆ, ದುಂಡು ಬ್ಲೇಡಿನ ಕರೆಂಟು ಗರಗಸ. ನಮ್ಮ ಬಾಯಲ್ಲಿ ಅದು ಬರೀ ಮಿಷನ್ನು. ಈಗ ಕುಯ್ಯುವುದು ನಾನು, ಮೂಲೆ ಕೂಡಿಸಿ ಮೊಳೆ ಹೊಡೆಯುವುದು ನನ್ನ ಗಂಡ. ಈ ಏರ್ಪಾಡು ನನಗೆ ಬಲು ಹಿತವಾಗಿದೆ.

ಮೊದಲು ಅವರು ಮಿಷನ್ನನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪಾಲಹಳ್ಳಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ಬೇರೆ ದಾರಿಯಿರಲಿಲ್ಲ. ಪಾಪ ಎನಿಸಿದರೂ ನನಗೆ ಒಳಗೊಳಗೇ ಖುಷಿ. ಅವರು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡಿಸಿದರು: "ಸೆರಗು ಸಿಕ್ಕಿಸ್ಕೊ. ಕನ್ನಡ್ಕ ಆಕೊ. ಬಳೆ ತಗ್ದಿಡು."

ಬಳೆ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಹಿಂದಿನ ಮನೆಯಿಂದ ಅತ್ತೆ ಕಾಫಿ ತಂದರು. ಬಳೆ ನೋಡಿದವರೇ ನಿಂತುಬಿಟ್ಟರು.

"ಅವ್ನು ನೋಡುದ್ರೆ ಕೈ ಮುರ್ಕೊಂಡು ಕೂತವ್ನೆ. ನೀನು ಬರಿಗೈಲಿ ನಿಂತಿದ್ದೀಯಲ್ಲವ್ವ."

ಅದು ಬೈಗುಳವಲ್ಲ, ಹೆದರಿಕೆ. ಮಾವ ತೀರಿಕೊಂಡಾಗ ಅತ್ತೆಯ ಬಳೆ ಒಡೆದಿದ್ದರು. ಮಗನಿಗೂ ಏನಾದರೂ ಆದೀತೆಂಬ ದಿಗಿಲು ಮುಖದಲ್ಲೇ ಕಾಣುತ್ತಿತ್ತು. ನಾನು ಸಿಡುಕುತ್ತಲೇ ಬಳೆ ತೊಟ್ಟು, ಮೇಲೆ ಬಟ್ಟೆ ಸುತ್ತಿಕೊಂಡೆ. ನನ್ನ ಗಂಡ ಎಡಗೈಯಿಂದ ಪ್ಲಗ್ಗು ಕಿತ್ತರು.

"ಗಾಜು ಒಡುದ್ರೆ ಕಣ್ಗೆ ಬಡೀತದೆ. ಬಟ್ಟೆ ಸಿಕ್ಕುದ್ರೆ ಕೈನೂ ಎಳ್ಕತದೆ. ಬ್ಲೇಡ್ಗೆ ಮುತ್ತೈದೆ ಗಿತ್ತೈದೆ ಅಂತ ಗೊತ್ತಾಯ್ತದಾ?"

ತಾಯಿ ಮಗ ಇಬ್ಬರೂ ಪಟ್ಟು ಬಿಡಲಿಲ್ಲ. ನಾನು ನಡುವೆ ಸುಮ್ಮನೆ ಕೂತೆ, ಕೆಲಸವೂ ಕೂತಿತು.

ಮಾರನೆಯ ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡೇ ಬಂದರು. "ನನ್ ಕೈಲಿ ಬಳೆ ಇಲ್ವಲ್ಲ, ನಂಗೇ ಏಳ್ಕೊಡ್ಲಾ ಮಗ."

ಬೇಡವೆಂದರೆ ಕೇಳುವ ಹೆಂಗಸಲ್ಲ. ನನ್ನ ಗಂಡ ಬೇಡದ ಪಟ್ಟಿಯೊಂದನ್ನು ಕೊಟ್ಟು ಹೇಳಿಕೊಟ್ಟರು. ಪಟ್ಟಿ ಮಿಷನ್ನಿನ ಹಿಂಬದಿಯ ತಡೆಗೆ ಒತ್ತಿ ಕೂರಬೇಕು, ಕೈ ಬ್ಲೇಡಿನಿಂದ ಗೇಣಿಗಿಂತ ಹತ್ತಿರ ಬರಬಾರದು. ಪೂರ್ತಿ ಸ್ಪೀಡು ಬಂದ ಮೇಲೆ ಬ್ಲೇಡನ್ನು ಮೆಲ್ಲಗೆ ಇಳಿಸಬೇಕು, ಸ್ವಿಚ್ಚು ಬಿಟ್ಟು ಬ್ಲೇಡು ನಿಂತ ಮೇಲೆಯೇ ಎತ್ತಬೇಕು. ಅತ್ತೆ ಕುಯ್ದ ಮೊದಲ ಮೂಲೆ ಬಾಯಿ ಬಿಟ್ಟುಕೊಂಡಿತು. ನೋಡಿದರೆ ತಡೆಯ ಸಂದಿಯಲ್ಲಿ ಮರದ ಪುಡಿ ಕೂತಿದೆ. ಪ್ಲಗ್ಗು ತೆಗೆದು ಬ್ರಷ್ಷಿನಲ್ಲಿ ಗುಡಿಸಿ ಮತ್ತೆ ಕುಯ್ದರು. ಈ ಸಲ ಕೂದಲೂ ತೂರದಂತೆ ಕೂಡಿತು. ಅತ್ತೆಯ ಮುಖ ಅರಳಿತು.

ಆ ಹುರುಪಿನಲ್ಲೇ ಮುಂದಿನ ಪಟ್ಟಿಗೆ ಅವಸರಪಟ್ಟು, ಬ್ಲೇಡು ನಿಲ್ಲುವ ಮೊದಲೇ ಎತ್ತಿದರು. ತುಂಡೊಂದು ಚಿಮ್ಮಿ ಅವರ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಅತ್ತೆ ತಾವೇ ಪ್ಲಗ್ಗು ತೆಗೆದು, ಗೋಡೆಯಲ್ಲಿ ಬಿದ್ದ ಗುಳಿಯನ್ನು ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಕೈ ನೋಡಿದರು.

ಮನೆಗೆ ಹೋಗಿ ಕೊಬ್ಬರಿ ಎಣ್ಣೆ ತಂದು ನನ್ನೆದುರು ಕೂತರು.

"ಕೊಡವ್ವ ಕೈಯ."

ಎಣ್ಣೆ ಸವರಿ, ಅಂಗೈ ಅದುಮಿ, ಒಂದೊಂದೇ ಬಳೆಯನ್ನು ತಾವೇ ತೆಗೆದರು. ಒಂದೂ ಒಡೆಯಲಿಲ್ಲ. "ಕುಯ್ಯಿ. ಇವು ನನ್ತಾವ ಇರ್ತವೆ" ಎಂದರು. ನಾನು ಎಣ್ಣೆ ಒರೆಸಿಕೊಂಡು ಎದ್ದೆ. ನಾಲ್ಕು ಮೂಲೆಯೂ ಕೂಡಿ ಮುಗಿಯುವವರೆಗೆ ಅತ್ತೆ ಆ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಮುಚ್ಚಿ ಕೂತಿದ್ದರು.