ಮೂವತ್ನಾಲ್ಕನೇ ಸ್ಪ್ರಿಂಗ್

ನಾನು ಯಂತ್ರ ರಿಪೇರಿ ಮಾಡುವವನು. ದುಡ್ಡು ಹಾಕಿ ನಂಬರು ಒತ್ತಿದರೆ ಬಿಸ್ಕತ್ತು, ಚಾಕೊಲೇಟು, ನೀರಿನ ಬಾಟಲಿ ಕೊಡುವ ಗಾಜಿನ ಬೀರುಗಳಿವೆಯಲ್ಲ, ಅವು. ಜನ ಅವುಗಳಿಗೆ ಒದೆಯುತ್ತಾರೆ, ನಾನು ಹೊಟ್ಟೆ ಬಿಚ್ಚಿ ನೋಡುತ್ತೇನೆ. ಮೂವತ್ತು ವರ್ಷದಿಂದ ಇದೇ ಕಸುಬು. ಯಂತ್ರ ಕೈಕೊಟ್ಟರೆ ನನಗೆ ಸಿಟ್ಟು ಬರುವುದಿಲ್ಲ, ನಾನು ರಿಪೇರಿ ಮಾಡಿದ ಯಂತ್ರ ಕೈಕೊಟ್ಟರೆ ಮಾತ್ರ ಮೈ ಉರಿಯುತ್ತದೆ. ಕೌಂಟರಕ್ಕನ ವಿಷಯದಲ್ಲಿ ಆಗಿದ್ದು ಅದೇ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಕೂತು ಟಿಕೆಟ್ ಹರಿದು ಕೊಟ್ಟವರು, ಹಾಗಾಗಿ ಊರಿಗೆಲ್ಲ ಕೌಂಟರಕ್ಕ. ಅಂಗೈ ಅಗಲದ ಕಂಡಿಯ ಆಚೆಯಿಂದ ದಿನಕ್ಕೆ ಸಾವಿರ ಬಾಯಿ ಅವರ ಜೊತೆ ಮಾತಾಡುತ್ತಿತ್ತು. ಚಿಲ್ಲರೆ ಇಲ್ಲ ಎಂದು ಜಗಳ, ಬಸ್ಸು ತಪ್ಪಿತು ಎಂದು ಅಳು, ಮಗಳಿಗೆ ಹೆರಿಗೆಯಾಯಿತು ಎಂದು ನಗು. ಒಂದು ದಿನ ಆ ಕಿಟಕಿಗೆ ಹಲಗೆ ಹೊಡೆದು ಪಕ್ಕದಲ್ಲಿ ಟಿಕೆಟ್ ಯಂತ್ರ ನಿಲ್ಲಿಸಿದರು. ಅಕ್ಕನಿಗೆ ಒಂದು ಇಡಿಗಂಟು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಆ ಗಂಟಿನಲ್ಲಿ ಅಕ್ಕ ಕೊಂಡಿದ್ದು ಏನು ಅಂತೀರಿ? ಒಂದು ಯಂತ್ರ. ನನ್ನ ಶೆಡ್ಡಿಗೆ ಬಂದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಬಿಸ್ಕತ್ತಿನ ಬೀರುವನ್ನು ತೋರಿಸಿ, "ನನ್ನ ಅನ್ನ ಕಿತ್ಕೊಂಡಿದ್ದು ಇದರ ತಮ್ಮ ತಾನೇ? ಇನ್ಮೇಲೆ ಇದೇ ನಂಗೆ ಅನ್ನ ಹಾಕ್ಲಿ" ಅಂದರು. ನಾನು ನಗಲಿಲ್ಲ, ಬೆಲೆ ಹೇಳಿದೆ. "ಬಾಯಲ್ಲಿ ಸ್ಪ್ಯಾನರ್ ಇಟ್ಕೊಂಡಿದೀಯೇನಪ್ಪಾ?" ಅಂದರು. ಅಂದಿನಿಂದ ನಾನು ಅವರಿಗೆ ಸ್ಪ್ಯಾನರ್.

ಮೊದಲ ಯಂತ್ರ ಆಸ್ಪತ್ರೆಯೊಂದರ ಮೊದಲ ಮಹಡಿಯಲ್ಲಿ, ಜನ ಕಾಯುವ ಹಾಲಿನಲ್ಲಿ ನಿಂತಿತು. ಅಕ್ಕ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. "ಮೊದ್ಲು ದುಡ್ಡು ಹಾಕಿ, ಆಮೇಲೆ ನಂಬರು ಒತ್ತಿ. ಯಾರಿಗೆ ಹುಷಾರಿಲ್ಲ? ಅಮ್ಮಂಗಾ? ಹಾಗಾದ್ರೆ ಹದಿನೇಳು ಒತ್ತಿ, ಮೆತ್ತಗಿರುತ್ತೆ." ಮೊದಮೊದಲು ಹಣ್ಣಿನ ರಸ, ಒಣಹಣ್ಣು ತುಂಬಿಸಿದ್ದರು. ಆಸ್ಪತ್ರೆಯಲ್ಲಿ ಆರೋಗ್ಯದ್ದೇ ಇರಲಿ ಅಂತ. ಒಂದೂ ಹೋಗಲಿಲ್ಲ. ಹದಿನೈದು ದಿನ ನೋಡಿ ಎಲ್ಲ ತೆಗೆದು ಕಟುಂ ಕುಟುಂ ಅನ್ನುವ ಬಿಸ್ಕತ್ತು ತುಂಬಿಸಿದರು. "ಕಾಯೋರಿಗೆ ಹಸಿವಿರಲ್ಲ ಸ್ಪ್ಯಾನರ್. ಬಾಯಿಗೊಂದು ಕೆಲಸ ಬೇಕಿರುತ್ತೆ" ಅಂದರು. ಮರುವಾರದಿಂದ ಯಂತ್ರ ಖಾಲಿಯಾಗತೊಡಗಿತು.

ಆಗ ನಾನೇ ಬುದ್ಧಿವಾದ ಹೇಳಿದೆ. "ಯಂತ್ರ ಇಟ್ಟು ನೀವೂ ಕೂತ್ರೆ ಅಂಗಡಿಗೂ ಇದಕ್ಕೂ ಏನಕ್ಕಾ ವ್ಯತ್ಯಾಸ? ಕುರ್ಚಿ ಎತ್ತಿ. ಇನ್ನೊಂದಕ್ಕೆ ಜಾಗ ನೋಡಿ." ಅಕ್ಕ ಕುರ್ಚಿ ಎತ್ತಿದರು. ಒಂದಿದ್ದದ್ದು ಮೂರಾಯಿತು, ಮೂರಿದ್ದದ್ದು ಆರು ವರ್ಷದಲ್ಲಿ ಹನ್ನೊಂದಾಯಿತು. ಬಟ್ಟೆ ಕಾರ್ಖಾನೆಯ ಗೇಟು, ಟ್ಯೂಷನ್ ಕಟ್ಟಡದ ಮೆಟ್ಟಿಲ ಕೆಳಗೆ, ಕಣ್ಣಿನ ಡಾಕ್ಟರ ಹಜಾರ, ಹೀಗೆ. ಬಸ್ ನಿಲ್ದಾಣದವರೇ ಕರೆದು ಜಾಗ ಕೊಡುತ್ತೇವೆ ಎಂದಾಗ ಮಾತ್ರ "ಅಲ್ಲಿ ಬೇಡ" ಅಂದರು. ಯಾಕೆ ಎಂದು ನಾನು ಕೇಳಲಿಲ್ಲ.

ವ್ಯಾಪಾರ ಬೆಳೆದ ಹಾಗೆ ಅಕ್ಕನ ಬಾಯಿ ಸಣ್ಣದಾಗುತ್ತ ಹೋಯಿತು. ಹನ್ನೊಂದು ಯಂತ್ರಕ್ಕೂ ಜನ ಬರುವ ಮೊದಲೇ ಮಾಲು ತುಂಬಿಸಬೇಕು. ಬೀಗ ತೆಗೆ, ತುಂಬು, ಗಾಜು ಒರೆಸು, ಬೀಗ ಹಾಕು. ಕಸ ಗುಡಿಸುವವರು, ಕಾವಲಿನವರು ತಲೆ ಆಡಿಸಿದರೆ ಅದೇ ದೊಡ್ಡ ಮಾತು. ಬೆಳಿಗ್ಗೆ ಹತ್ತು ಗಂಟೆಗೆ ಮನೆ ಸೇರಿದರೆ ಮುಗಿಯಿತು. ಮನೆ ಅಂದರೆ ತಮ್ಮನ ಮನೆಯ ಕೆಳಗಿನ ಕೋಣೆ. ಅರ್ಧ ಕೋಣೆ ರಟ್ಟಿನ ಡಬ್ಬಗಳು, ಉಳಿದರ್ಧದಲ್ಲಿ ಮಂಚ. ತಮ್ಮನ ಹೆಂಡತಿ ಕೆಟ್ಟವರಲ್ಲ. ಎರಡು ಹೊತ್ತೂ ತಟ್ಟೆಗೆ ಮುಚ್ಚಳ ಹಾಕಿ ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, "ಇಟ್ಟಿದೀನಿ" ಅಂತ ಕೂಗಿ ಮೇಲೆ ಹೋಗುತ್ತಿದ್ದರು. ದಿನಕ್ಕೆ ಸಾವಿರ ಬಾಯಿ ಕೇಳಿದ ಕಿವಿಗೆ ಈಗ ಎರಡು ಸಲ "ಇಟ್ಟಿದೀನಿ". ನನ್ನ ಮನೆಯಲ್ಲಿ ಮಾತಿಗೆ ಬರವಿಲ್ಲ. ನನ್ನ ಹೆಂಡತಿ ಮಾತು ಶುರು ಮಾಡಿದರೆ ಗೋಡೆಯೂ ಹೂಂಗುಟ್ಟಬೇಕು. ಹಾಗಾಗಿ ಅಕ್ಕನ ಕೋಣೆಯೊಳಗಿನ ಆ ಸದ್ದಿಲ್ಲದಿರುವಿಕೆ ಎಂಥದ್ದು ಎಂದು ನನಗೆ ಅಂದಾಜೇ ಇರಲಿಲ್ಲ.

ಪ್ರತಿ ಯಂತ್ರದ ಮೇಲೂ ಒಂದು ಚೀಟಿ ಅಂಟಿಸಿತ್ತು: ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ. ಅದು ಅಕ್ಕನ ಕೋಣೆಯ ಹಳೇ ಫೋನು. ಅದರಲ್ಲಿ ಯಾರ ನಂಬರೂ ಕಾಣುವುದಿಲ್ಲ. ಮೊದಲ ವರ್ಷಗಳಲ್ಲಿ ಅದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ದುಡ್ಡು ನುಂಗಿತು, ಚಾಕೊಲೇಟು ಕರಗಿದೆ, ನೀರು ತಣ್ಣಗಿಲ್ಲ. ನಾನು ಒಂದೊಂದಾಗಿ ಎಲ್ಲ ಸರಿ ಮಾಡಿದೆ. "ನಿನ್ನ ಕೈ ಬಿದ್ರೆ ಮುಗೀತು, ಫೋನೇ ಬರಲ್ಲ ನೋಡು" ಅಂದರು ಅಕ್ಕ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಹೀಗಿರುವಾಗ ಆಸ್ಪತ್ರೆಯ ಯಂತ್ರದ ಮೂವತ್ನಾಲ್ಕನೇ ಸ್ಪ್ರಿಂಗ್ ಕೆಟ್ಟಿತು. ಗಾಜಿನ ಹಿಂದೆ ಸಾಲುಸಾಲಾಗಿ ತಂತಿಯ ಸುರುಳಿಗಳಿರುತ್ತವೆ, ಅವನ್ನೇ ಸ್ಪ್ರಿಂಗ್ ಅನ್ನುವುದು. ಎರಡು ಸುತ್ತಿನ ನಡುವೆ ಒಂದು ಪ್ಯಾಕೆಟ್ಟು. ಸ್ಪ್ರಿಂಗ್ ಒಂದು ಸುತ್ತು ತಿರುಗಿದರೆ ಮುಂದಿನ ಪ್ಯಾಕೆಟ್ಟು ಕೆಳಗಿನ ಟ್ರೇಗೆ ಬೀಳುತ್ತದೆ. ಅದನ್ನು ಮೋಟರಿಗೆ ಸಿಕ್ಕಿಸುವಾಗ ಒಂದು ಹಲ್ಲು ಆಚೀಚೆಯಾದರೆ ಸಾಕು, ಪ್ಯಾಕೆಟ್ಟು ಬೀಳದೆ ತುದಿಯಲ್ಲಿ ನೇತಾಡುತ್ತದೆ. ಬುಧವಾರ ಹೋಗಿ ಸರಿ ಮಾಡಿದೆ. ಎರಡು ವಾರ ಸರಿಯಿದ್ದು, ಮೂರನೇ ಮಂಗಳವಾರ ಮತ್ತೆ ಕೆಟ್ಟಿತು. ಬುಧವಾರ ಮತ್ತೆ ಸರಿ ಮಾಡಿದೆ, ಮಂಗಳವಾರ ಮತ್ತೆ ಅದೇ ಕಥೆ. ಹೀಗೆ ಎರಡು ತಿಂಗಳು. ಮೋಟರು ಬದಲಾಯಿಸಿದೆ. ತಂತಿ ಬದಲಾಯಿಸಿದೆ. ರಾತ್ರಿ ನಿದ್ದೆಗಣ್ಣಲ್ಲಿ ನಾನು ಮೂವತ್ನಾಲ್ಕು ಎಂದು ಗೊಣಗಿದೆನಂತೆ, ಅದು ಯಾರ ವಯಸ್ಸು ಎಂದು ಹೆಂಡತಿ ಬೆಳಿಗ್ಗೆ ವಿಚಾರಣೆ ಮಾಡಿದಳು.

ಅಷ್ಟರಲ್ಲಿ ಆಸ್ಪತ್ರೆಯ ಆಡಳಿತದವರು ಅಕ್ಕನನ್ನು ಕರೆಸಿ ಕಡ್ಡಿ ಮುರಿದ ಹಾಗೆ ಹೇಳಿದರು. ದೂರಿನ ಪುಸ್ತಕದಲ್ಲಿ ಇನ್ನೊಂದು ದೂರು ಬಿದ್ದರೆ ಯಂತ್ರ ಆಚೆಗೆ, ಆ ಜಾಗಕ್ಕೆ ದೊಡ್ಡ ಕಂಪನಿಯವರು ತುದಿಗಾಲಲ್ಲಿ ನಿಂತಿದ್ದಾರೆ ಅಂತ. ಹನ್ನೊಂದರಲ್ಲಿ ಅದೇ ಮೊದಲನೆಯದು, ಉಳಿದ ಹತ್ತನ್ನು ಸಾಕಿದ್ದೂ ಅದೇ. ನನಗೆ ತಡೆಯಲಾಗಲಿಲ್ಲ. ಮರುದಿನ ಮಂಗಳವಾರ, ಬೆಳಿಗ್ಗೆ ಏಳಕ್ಕೇ ಆಸ್ಪತ್ರೆಗೆ ಹೋದೆ.

ಯಂತ್ರದ ಬಾಗಿಲು ತೆರೆದಿತ್ತು. ಅಕ್ಕ ಒಳಗೆ ಕೈ ಹಾಕಿ ಮೂವತ್ನಾಲ್ಕನೇ ಸ್ಪ್ರಿಂಗನ್ನು ಎಳೆದು, ಒಂದು ಹಲ್ಲು ತಿರುಗಿಸಿ, ವಾಪಸ್ ಸಿಕ್ಕಿಸುತ್ತಿದ್ದರು. ನಾನು ಸಿಕ್ಕಿಸುವುದನ್ನು ಆರು ವರ್ಷ ನೋಡಿ ಕಲಿತ ಕೈ, ಒಂದಿಷ್ಟೂ ತಡವರಿಸಲಿಲ್ಲ.

"ಎರಡು ತಿಂಗಳಿಂದ ನನ್ನ ಮಾನ ಕಳೀತಿರೋದು ನೀವೇನಾ?" ಅಂದೆ.

ಅಕ್ಕ ತಿರುಗಿ ನೋಡಿ ಬಾಗಿಲ ಅಂಚನ್ನು ಹಿಡಿದುಕೊಂಡರು. "ಮಂಗಳವಾರ ಒಬ್ಬರು ಬರ್ತಾರೆ" ಅಂದರು. "ಅವರ ಹೆಂಡತಿಗೆ ಡಯಾಲಿಸಿಸ್. ಆಯಮ್ಮನ್ನ ನಾಲ್ಕು ಗಂಟೆ ಕಾಲ ಒಳಗೆ ಮಲಗಿಸಿಕೊಳ್ತಾರೆ, ಇವರು ಹೊರಗೆ ಕೂತಿರ್ತಾರೆ. ಒಂದ್ಸಲ ಈ ನಂಬರ್ ಒತ್ತಿ ಪ್ಯಾಕೆಟ್ಟು ಸಿಕ್ಕಿಕೊಂಡಿತ್ತು, ಅವತ್ತು ನಿಜವಾಗ್ಲೂ ಕೆಟ್ಟಿತ್ತು ಸ್ಪ್ರಿಂಗು. ಫೋನ್ ಮಾಡಿದ್ರು. 'ಅಮ್ಮಾ, ನಿಮ್ಮ ಯಂತ್ರ ನನ್ನ ಬಿಸ್ಕತ್ತು ಒತ್ತೆ ಇಟ್ಕೊಂಡಿದೆ' ಅಂದ್ರು. ನಂಗೆ ನಗು ಬಂತು. ಮುಕ್ಕಾಲು ಗಂಟೆ ಮಾತಾಡಿದ್ವಿ."

"ಏನು ಮಾತಾಡಿದ್ರಿ?"

"ಏನೂ ಇಲ್ಲ. ಆಯಮ್ಮ ಟೀಚರಾಗಿದ್ರಂತೆ, ಈಗ್ಲೂ ಗಂಡನ ಕಾಗುಣಿತ ತಿದ್ದುತ್ತಾರಂತೆ. ನಾನು ಬಸ್ ಸ್ಟ್ಯಾಂಡಿನ ಕಥೆ ಹೇಳಿದೆ. ನೀನು ಸ್ಪ್ರಿಂಗ್ ಸರಿ ಮಾಡಿದ ಮೇಲೆ ಎರಡು ವಾರ ಫೋನ್ ಬರಲಿಲ್ಲ. ಅದಕ್ಕೇ... ವಾರಕ್ಕೊಂದು ಸಲ ಕಣೋ. ಹತ್ತೂವರೆಗೆ."

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿದ್ದು ಸಿಟ್ಟು. ಒಂದು ಮಾತಿನ ಆಸೆಗೆ ಕೂಡಿಟ್ಟದ್ದನ್ನೆಲ್ಲ ಕಳೆದುಕೊಳ್ಳುತ್ತಾರಲ್ಲ ಎಂದು ಸಿಟ್ಟು, ನನ್ನ ಕೆಲಸದ ಮೇಲೆ ಕೈಯಿಟ್ಟರು ಎಂದು ಇನ್ನೂ ಸಿಟ್ಟು. "ಇವತ್ತು ಇದು ಕೆಟ್ರೆ ನಾಳೆ ಈ ಜಾಗ ಇರಲ್ಲ. ಜಾಗ ಹೋದ ಮೇಲೆ ಯಾವ ಯಂತ್ರದ ಚೀಟಿ ನೋಡಿ ಫೋನ್ ಮಾಡ್ತಾರೆ ನಿಮ್ಮವರು?" ಅಂದೆ. ನಾನು ಅವರೆದುರೇ ಸ್ಪ್ರಿಂಗ್ ಸರಿ ಮಾಡಿ, ಬೀಗದ ಕೈ ಕಿತ್ತುಕೊಂಡು ಜೇಬಿಗೆ ಹಾಕಿದೆ. ಹತ್ತು ಗಂಟೆಯಾಗುತ್ತಲೇ ಅಕ್ಕ ಮನೆಗೆ ಹೊರಟರು. ಫೋನಿನ ಪಕ್ಕ ಕೂರಲು ಹೋದರು ಎಂದು ಈಗ ಗೊತ್ತಾಗುತ್ತದೆ.

ನಾನು ಅಲ್ಲೇ ಉಳಿದೆ. ಹತ್ತೂವರೆಗೆ ಒಂದು ಕೈ ದುಡ್ಡು ಹಾಕಿ ಮೂವತ್ನಾಲ್ಕು ಒತ್ತಿತು. ಸ್ಪ್ರಿಂಗ್ ಗುಂಡಗೆ ಒಂದು ಸುತ್ತು ತಿರುಗಿತು, ಪ್ಯಾಕೆಟ್ಟು ಧೊಪ್ಪೆಂದು ಬಿತ್ತು. ನೋಡಿ ನನ್ನ ಎದೆ ಉಬ್ಬಿತು. ಆ ಕೈ ಮಾತ್ರ ಟ್ರೇಗೆ ಹೋಗಲಿಲ್ಲ. ಜೇಬಿನಿಂದ ಫೋನು ತೆಗೆಯಿತು, ಚೀಟಿಯ ಮುಂದೆ ಹಿಡಿಯಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಫೋನನ್ನು ಮತ್ತೆ ಜೇಬಿಗೆ ಹಾಕಿತು. ಅವರು ಹೋದ ಮೇಲೆ ನೋಡಿದರೆ ಬಿಸ್ಕತ್ತು ಟ್ರೇನಲ್ಲೇ ಇತ್ತು. ಮರೆತು ಹೋದರು ಅಂದುಕೊಂಡು ನಾನೇ ಚಹಾದ ಜೊತೆ ತಿಂದೆ.

ದೂರು ಬರಲಿಲ್ಲ, ಜಾಗ ಉಳಿಯಿತು. ಬೀಗದ ಕೈ ವಾಪಸ್ ಕೊಟ್ಟೆ. ಅಕ್ಕ ಸ್ಪ್ರಿಂಗ್ ಮುಟ್ಟಲಿಲ್ಲ, ಫೋನಿನ ಮಾತೂ ಎತ್ತಲಿಲ್ಲ. ನಾಲ್ಕನೇ ಮಂಗಳವಾರ ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಹೋದರೆ, ಯಂತ್ರದ ಪಕ್ಕದಲ್ಲಿ ಅದೇ ಹಳೇ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಅಕ್ಕ.

"ಡಯಾಲಿಸಿಸ್ ಮಾಡೋ ಕಡೆ ಕೇಳಿದೆ" ಅಂದರು. "ಟೀಚರಾಗಿದ್ದೋರು, ಮಂಗಳವಾರ ಬರೋರು ಅಂದೆ. ಹೆಸರು ಹೇಳಿ ಅಂತಾರೆ. ನಾನು ಹೆಸರೇ ಕೇಳಿರಲಿಲ್ಲ ಕಣೋ. ಆಯಮ್ಮಂಗೆ ಹೆಚ್ಚುಕಮ್ಮಿ ಏನಾದ್ರೂ ಆಯ್ತೋ, ಅಥವಾ ಪ್ಯಾಕೆಟ್ಟು ಸರಿಯಾಗಿ ಬೀಳ್ತಿದೆ ಅಂತ ಅವರು ಬಿಸ್ಕತ್ತು ತಿಂದ್ಕೊಂಡು ಆರಾಮಾಗಿದಾರೋ. ಅಷ್ಟು ಗೊತ್ತಾದ್ರೆ ಸಾಕಿತ್ತು."

ಆಗ ನನಗೆ ಆ ಕೈ, ಆ ಫೋನು, ಟ್ರೇನಲ್ಲಿ ಉಳಿದ ಪ್ಯಾಕೆಟ್ಟು ಎಲ್ಲ ಒಟ್ಟಿಗೆ ಅರ್ಥವಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ಬಿಸ್ಕತ್ತು ಏನಾಯ್ತು?"

"ನಾನೇ ತಿಂದೆ ಅಕ್ಕ."

ಅಕ್ಕ ನಕ್ಕರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹಾಗಾದ್ರೆ ಅವರಿಗೂ ಬಿಸ್ಕತ್ತು ಬೇಕಿರಲಿಲ್ಲ" ಅಂದರು. ನನ್ನ ಕಡೆ ತಿರುಗಿ ಕೇಳಿದರು, "ಹೇಗಿದಾರೆ ನೋಡೋಕೆ?"

ಅವತ್ತು ಅಷ್ಟು ಹೊತ್ತು ನಾನು ನೋಡಿದ್ದು ಸ್ಪ್ರಿಂಗನ್ನು. ಮುಖ ನೋಡಿರಲಿಲ್ಲ. ನೆನಪಿದ್ದದ್ದು ಒಂದೇ, ಗುಂಡಿ ಒತ್ತಿದ ಬಲಗೈಯಲ್ಲಿ ಗಡಿಯಾರವಿತ್ತು. ಅಷ್ಟನ್ನೇ ಹೇಳಿದೆ.

"ಅಷ್ಟಾದ್ರೂ ನೋಡಿದೀಯಲ್ಲ" ಅಂದರು ಅಕ್ಕ.

ಮುಂದಿನ ಮಂಗಳವಾರದಿಂದ ನಾನೂ ಒಂದು ಕುರ್ಚಿ ಹಾಕಿಕೊಂಡು ಅವರ ಪಕ್ಕ ಕೂರುತ್ತೇನೆ. ನನಗೆ ಮಾತು ಬರುವುದಿಲ್ಲ, ಅಕ್ಕನೂ ಈಗ ಹೆಚ್ಚು ಆಡುವುದಿಲ್ಲ. ಇಬ್ಬರೂ ಬಂದವರ ಕೈ ನೋಡುತ್ತೇವೆ. ಇವತ್ತು ಹತ್ತರಿಂದ ಹನ್ನೊಂದರವರೆಗೆ ಮೂವತ್ನಾಲ್ಕು ಒತ್ತಿದವರು ಮೂರು ಜನ. ಮೂವರ ಪ್ಯಾಕೆಟ್ಟೂ ಸರಿಯಾಗಿ ಬಿತ್ತು. ಮೂವರ ಗಡಿಯಾರವೂ ಎಡಗೈಯಲ್ಲಿತ್ತು.