ಕೂತ್ಕೊಳ್ಳಿ ಆಂಟಿಯ ಗಂಟಲು

ನಮ್ಮ ಮನೆಯಲ್ಲಿ ಅಮ್ಮನಿಗೆ ಕೇಳಿಸುವುದು ಒಬ್ಬರ ಮಾತು ಮಾತ್ರ. ಅದು ಆಕೆ ಹೆತ್ತ ನಮ್ಮಿಬ್ಬರದ್ದಲ್ಲ, ಸೊಸೆಯದ್ದು. ಅಮ್ಮನ ಕಣ್ಣು ಮಂಜು, ಕಿವಿ ಮಂದ. ಅಣ್ಣ ಬಾಯಿ ಹರಿದುಕೊಂಡರೂ ನಾನು ಕಿವಿಗೇ ಬಾಯಿಟ್ಟರೂ "ಏನೋ ಗೊಣಗ್ತೀರಪ್ಪ, ಬಿಡಿಸಿ ಹೇಳ್ಬಾರ್ದಾ" ಅನ್ನುತ್ತಾಳೆ. ಕಿವಿಗೆ ಮೆಷಿನ್ ತಂದುಕೊಟ್ಟೆವು. ಅದರೊಳಗೆ ಸೊಳ್ಳೆ ಕೂತಿದೆ ಎಂದು ತೆಗೆದಿಟ್ಟಳು. ಅತ್ತಿಗೆ ಪಕ್ಕದ ಕೋಣೆಯಿಂದ "ಅತ್ತೇ, ಮಾತ್ರೆ ನುಂಗಿದ್ರಾ?" ಅಂದರೆ ಮಾತ್ರ ಥಟ್ಟನೆ ಉತ್ತರ: "ನುಂಗಿದೀನಿ ಕಣೇ, ಊರಿಗೆಲ್ಲಾ ಸಾರ್ಬೇಡ!"

ಆ ಗಂಟಲು ಪಳಗಿದ್ದು ನೀರಾಟದ ಪಾರ್ಕಿನಲ್ಲಿ. ಅಲ್ಲಿ ಅತ್ತಿಗೆಯ ಕೆಲಸ ದೋಣಿ ಹತ್ತುವ ಕಟ್ಟೆಯ ಮೇಲೆ. ಮರದ ದಿಮ್ಮಿಯಂತೆ ಬಣ್ಣ ಬಳಿದ ಪ್ಲಾಸ್ಟಿಕ್ ದೋಣಿಗಳು ಕಾಲುವೆಯಲ್ಲಿ ಒಂದರ ಹಿಂದೊಂದು ತೇಲಿ ಬರುತ್ತವೆ. ಸಾಲಿಗೆ ಇಬ್ಬರಂತೆ ಕೂರಿಸಬೇಕು, ಕಳಿಸಬೇಕು. ದೋಣಿ ಒಂದು ತಿರುವು ಬಳಸಿ, ಬೆಲ್ಟಿನ ಮೇಲೆ ಮೂರು ಮಹಡಿ ಎತ್ತರಕ್ಕೆ ತೆವಳಿ, ಅಲ್ಲಿಂದ ಧೊಪ್ಪನೆ ನೀರಿಗೆ ಜಾರುತ್ತದೆ. ಜಾರುವ ಜಾಗಕ್ಕೆ ಸರಿಯಾಗಿ ಪಾರ್ಕಿನವರದೇ ಒಂದು ಕ್ಯಾಮೆರಾ. ಫೋಟೋದಲ್ಲಿ ಎದ್ದು ಕಾಣಬೇಕೆಂಬ ಆಸೆಗೆ ಜನ ನಿಜವಾಗಿಯೂ ಎದ್ದೇ ನಿಲ್ಲುತ್ತಿದ್ದರು. ಅತ್ತಿಗೆ ಕೆಳಗಿನಿಂದ "ಕೂತ್ಕೊಳ್ಳೀ!" ಎಂದು ಕೂಗುವುದು. ಮೈಕು ಇತ್ತು, ಆದರೆ ಆ ನೀರಿನ ಭೋರ್ಗರೆತಕ್ಕೆ ಮೈಕೇ ಮೂಕ. ಹಾಗಾಗಿ ಬರಿಗಂಟಲು. ಪಾರ್ಕಿಗೆ ಬಂದುಹೋಗುವ ಮಕ್ಕಳೆಲ್ಲ ಆಕೆಯನ್ನು ಕೂತ್ಕೊಳ್ಳಿ ಆಂಟಿ ಅಂತಲೇ ಕರೆಯುವುದು. ಇಡೀ ದಿನ ಜನರನ್ನು ಕೂರಿಸುವ ಆಂಟಿಗೆ ಮಾತ್ರ ಕೂರಲು ಒಂದು ಸ್ಟೂಲಿರಲಿಲ್ಲ.

ಕಟ್ಟೆಯ ಮೇಲೆ ಅತ್ತಿಗೆಗೆ ಒಂದು ಹೆಮ್ಮೆ ಇತ್ತು. ಸರದಿಯಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಯಾರು ಎಲ್ಲಿ ಎಂಬುದು ಕೈಗೇ ಗೊತ್ತಾಗುತ್ತಿತ್ತು. ದಪ್ಪಗಿರುವವರ ಪಕ್ಕ ಸಣಕಲರು. ಈ ಸಾಲಿನಲ್ಲಿ ದಪ್ಪ ಎಡಕ್ಕಾದರೆ ಮುಂದಿನ ಸಾಲಿನಲ್ಲಿ ಬಲಕ್ಕೆ. ಜಡೆ ಹೆಣೆದ ಹಾಗೆ. ಆಕೆ ಕಳಿಸಿದ ದೋಣಿ ಯಾವ ಕಡೆಗೂ ವಾಲುತ್ತಿರಲಿಲ್ಲ. "ನನ್ನ ಸಂಸಾರವೂ ಹೀಗೇ ತೂಗಿದ್ದು" ಎಂದು ನಮ್ಮಣ್ಣನ ಹೊಟ್ಟೆ ನೋಡಿ ಹೇಳುವುದಿತ್ತು.

ಕಳೆದ ವರ್ಷ ಧ್ವನಿ ಒಡೆಯತೊಡಗಿತು. ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿ, ಒಳಗೆ ಸಣ್ಣ ಗಂಟುಗಳಾಗಿವೆ ಎಂದರು.

"ಗಂಟಲು ಅಂದ್ಮೇಲೆ ಗಂಟು ಇದ್ದೇ ಇರುತ್ತಲ್ವಾ ಡಾಕ್ಟ್ರೇ" ಅಂದ ನಮ್ಮಣ್ಣ. ಆತನಿಗೆ ಹೆದರಿಕೆಯಾದರೆ ಹೀಗೇ.

ಡಾಕ್ಟರು ನಗಲಿಲ್ಲ. "ಕೂಗೋದು ನಿಲ್ಸಿ. ಹೀಗೇ ಎಳೀತಾ ಹೋದ್ರೆ ಧ್ವನಿ ಪೂರ್ತಿ ಹೋಗುತ್ತಮ್ಮ. ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ."

ಮನೆ ಮೆಟ್ಟಿಲ ಹತ್ತಿರ ನಿಂತು ಅತ್ತಿಗೆ ಕೇಳಿದ್ದು ಒಂದೇ: "ನನ್ ಧ್ವನಿ ಹೋದ್ರೆ ಅತ್ತೆ ಹತ್ರ ಯಾರ್ರೀ ಮಾತಾಡ್ತಾರೆ?"

"ನಾವಿದೀವಲ್ಲ" ಅಂದ ಅಣ್ಣ. ಇದ್ದರೂ ಅಮ್ಮನಿಗೆ ಕೇಳಿಸುತ್ತಿರಲಿಲ್ಲ.

ಅದೇ ಹೊತ್ತಿಗೆ ಪಾರ್ಕಿನಲ್ಲಿ ಒಬ್ಬ ಮದುವೆ ಗೊತ್ತಾದ ಗಂಡು ಫೋಟೋಗೆಂದು ಎದ್ದು ನಿಂತು, ಮುಂದಿನ ಸಾಲಿನ ಮೇಲೆ ಮುಗ್ಗರಿಸಿ ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡ. ಆಡಳಿತದವರಿಗೆ ಎಚ್ಚರವಾಯಿತು. ಪ್ರತಿ ಸಾಲಿಗೂ ತೊಡೆಯ ಮೇಲೆ ಇಳಿದು ಬಿಗಿಯುವ ಕಬ್ಬಿಣದ ಬಾರ್ ಹಾಕಿಸುವುದೆಂದಾಯಿತು.

"ಪಾರ್ಕಲ್ಲಿ ಬಾರಾ?" ನಮ್ಮಣ್ಣನ ಕಿವಿ ನೆಟ್ಟಗಾಯಿತು.

"ನಿಮ್ಮಂಥೋರು ಏಳೋಕಾಗ್ದಿರೋ ಬಾರೇ. ಆದ್ರೆ ಕುಡಿಯೋಕೆ ಬರೀ ಕಾಲುವೆ ನೀರು" ಅಂದಳು ಅತ್ತಿಗೆ. ಬಹಳ ದಿನಗಳ ಮೇಲೆ ಮುಖದಲ್ಲಿ ಕಳೆ ಬಂದಿತ್ತು. ಬಾರ್ ಬಿಗಿದರೆ ಜನ ಏಳುವುದಿಲ್ಲ; ಜನ ಏಳದಿದ್ದರೆ ಕೂಗುವುದಿಲ್ಲ; ಕೂಗದಿದ್ದರೆ ಗಂಟಲು ಉಳಿಯಿತು. ಲೆಕ್ಕ ಸರಿಯಾಗಿಯೇ ಇತ್ತು.

ದೋಣಿಗಳು ವರ್ಕ್‌ಶಾಪಿಗೆ ಹೋಗಿ ಬಾರ್ ಹೊತ್ತು ಬಂದವು. ಇಂಜಿನಿಯರ್ ಹುಡುಗಿ ಕಟ್ಟೆಯವರನ್ನೆಲ್ಲ ಕೂರಿಸಿ ತೋರಿಸಿದಳು. ಸಾಲಿಗೊಂದೇ ಬಾರ್, ಇಬ್ಬರಿಗೂ ಸೇರಿ. "ಇದು ಮೊದಲು ತಾಗಿದ ತೊಡೆಗೆ ನಿಂತುಬಿಡುತ್ತೆ. ಅದಕ್ಕೇ ದಪ್ಪಗಿರೋರ ಪಕ್ಕ ಚಿಕ್ಕ ಮಕ್ಕಳನ್ನ ಕೂರಿಸ್ಬೇಡಿ. ಸಮಸಮ ಇರೋರನ್ನ ಜೋಡಿ ಮಾಡಿ" ಎಂದು ಎರಡು ಸಲ ಹೇಳಿದಳು. ಅತ್ತಿಗೆ ತಲೆಯಾಡಿಸಿದಳು. ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ.

ಮೊದಲ ದಿನ ಸರದಿ ಗೇಟಿನಾಚೆಗೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯ ಸೊಂಟ ಬಿದ್ದುಹೋಗಿತ್ತು. ಪ್ರತಿ ಬಾರನ್ನೂ ಬಗ್ಗಿ ಒತ್ತಬೇಕು, ಎಳೆದು ನೋಡಬೇಕು. ಆಗ ಒಬ್ಬ ಭಾರೀ ಆಳು ಬಂದ, ಕೈ ಹಿಡಿದುಕೊಂಡು ಅವನ ಪುಟ್ಟ ಮಗಳು. ಅತ್ತಿಗೆಯ ಕೈ ತನ್ನ ಪಾಡಿಗೆ ಹಳೆಯ ಜಡೆ ಹೆಣೆಯಿತು: ಅಪ್ಪ ಎಡಕ್ಕೆ, ಮಗಳು ಬಲಕ್ಕೆ. ಬಾರ್ ಒತ್ತಿದಳು, ಎಳೆದಳು. ಗಟ್ಟಿಯಾಗಿತ್ತು. ಅಪ್ಪನ ತೊಡೆಗೆ ಗಟ್ಟಿಯಾಗಿತ್ತು.

ದೋಣಿ ತಿರುವಿಗೆ ಹೋದಾಗ ಮಗಳು ಬಾರಿನಡಿಯಿಂದ ಆರಾಮವಾಗಿ ಎದ್ದು ಸೀಟಿನ ಮೇಲೆ ನಿಂತು, ಕಟ್ಟೆಯ ಕಡೆ ತಿರುಗಿ ಕೈಬೀಸಿದಳು.

ಅತ್ತಿಗೆ ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಕೆಂಪು ಗುಂಡಿ ಒತ್ತಿದಳು. ಬೆಲ್ಟು ನಿಂತಿತು, ದೋಣಿ ಅದರ ಬುಡಕ್ಕೆ ಡಿಕ್ಕಿ ಹೊಡೆದು ನಿಂತಿತು. ಅಷ್ಟರಲ್ಲಿ ಅಪ್ಪ ಮಗಳನ್ನು ಬಾಚಿ ಹಿಡಿದಿದ್ದ. ಕಾಲುವೆಯ ಪಕ್ಕದ ಕಿರುಹಲಗೆಯ ಮೇಲೆ ಒದ್ದೆ ಬೂಟಿನಲ್ಲಿ ನಡೆದುಹೋಗಿ ಅತ್ತಿಗೆ ಮಗುವನ್ನು ಇಳಿಸಿಕೊಂಡಳು.

"ಏನ್ರೀ ಇದು, ಹೊಸ ಬಾರ್ ಹಾಕಿ ಮೊದಲ ದಿನಾನೇ ಕೆಟ್ಹೋಯ್ತಾ?" ಅಂದ ಅಪ್ಪ.

"ಬಾರ್ ಸರಿಯಾಗಿದೆ. ಕೂರಿಸಿದ್ದು ತಪ್ಪು" ಅಂದಳು ಅತ್ತಿಗೆ, ಪಿಸುಮಾತಲ್ಲಿ. ಅವನಿಗೆ ಕೇಳಿಸಲಿಲ್ಲ. ಮೇಲ್ವಿಚಾರಕನಿಗೂ ಅದನ್ನೇ ಹೇಳಿದಳು. ಅವನಿಗೆ ಕೇಳಿಸಿತು. ಬೆಲ್ಟಿನ ಮೇಲೆ ಸಿಕ್ಕಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಮೆಟ್ಟಿಲಲ್ಲಿ ಇಳಿಸಬೇಕಾಯಿತು. ಇಳಿದವರೆಲ್ಲ ಆಕೆಯನ್ನು ಬೈದೇ ಮುಂದೆ ಹೋದರು.

ಮರುದಿನದಿಂದ ಸಮಸಮ ಜೋಡಿ. ಆದರೆ ಅದನ್ನು ಜನರಿಗೆ ಹೇಳಬೇಕಲ್ಲ! ಬಾಯಿ ಬಿಡಬಾರದೆಂದು ಅತ್ತಿಗೆ ಕೈಸನ್ನೆ ಶುರುಮಾಡಿದಳು. ಒಬ್ಬ ತಾಯಿಗೆ ಅವರ ಹೊಟ್ಟೆ ತೋರಿಸಿ, ಮಗನ ಕಡೆ ತೋರಿಸಿ, ಬೇಡ ಎಂದು ಕೈಯಾಡಿಸಿದಳು.

"ಏನ್ರೀ ಅಂದ್ರೆ? ನನ್ ಹೊಟ್ಟೆ ಬಗ್ಗೆ ನಿಮಗ್ಯಾಕ್ರೀ?"

"ಅಲ್ಲಮ್ಮ, ಮಗು ಸಡಿಲ ಆಗುತ್ತೆ..."

"ಮಗೂನೂ ಆಡ್ಕೊತೀರಾ!"

ಮೊದಲಾದರೆ "ಕೂತ್ಕೊಳ್ಳಿ" ಎಂಬ ಒಂದು ಪದದಲ್ಲಿ ಕೆಲಸ ಮುಗಿಯುತ್ತಿತ್ತು. ಈಗ ಪ್ರತಿ ಸಂಸಾರಕ್ಕೂ ಒಂದು ಸಮಾಧಾನ, ಒಂದು ಸಂಧಾನ. ಯಾರಿಗೂ ನೀವು ದಪ್ಪ ಅನ್ನದೆ ದಪ್ಪ ಎಂದು ತಿಳಿಸಬೇಕು. "ನಿಮ್ ಜೊತೇಲಿ ತೆಳ್ಳಗಿರೋ ಚಿಕ್ಕಮ್ಮ, ಅತ್ತೆ ಯಾರಾದ್ರೂ ಬಂದಿದಾರಾ? ಮಗು ಅವರ ಪಕ್ಕ ಕೂರ್ಲಿ" ಎಂದು ನೀರಿನ ಸದ್ದಿನ ಮೇಲೆ ಹೇಳಿ ಹೇಳಿ, ಗಂಟಲು ಉಳಿಸಲು ಬಂದ ಬಾರೇ ಗಂಟಲಿಗೆ ಗಂಟುಬಿತ್ತು. ಅತ್ತಿಗೆ ಬಿಡಲಿಲ್ಲ. ಆ ಪುಟ್ಟ ಹುಡುಗಿ ಕೈಬೀಸಿದ್ದು ಕಣ್ಣಿಗೆ ಕಟ್ಟಿತ್ತು. ವಾರ ಮುಗಿಯುವಷ್ಟರಲ್ಲಿ ಉಳಿದದ್ದು ಗೊರಗೊರ.

ಆ ಸಂಜೆ ಅಮ್ಮ ಎರಡು ಸಲ ಕೇಳಿದಳು: "ಅವಳಿನ್ನೂ ಬಂದಿಲ್ವೇನೋ?" ಅತ್ತಿಗೆ ಆಕೆಯ ಎದುರಿಗೇ ನಿಂತು "ಬಂದೆ ಅತ್ತೆ" ಅನ್ನುತ್ತಿದ್ದಳು.

ಮಾರನೇ ದಿನ ಅತ್ತಿಗೆ ಮೇಲ್ವಿಚಾರಕನ ಕೋಣೆಗೆ ಹೋಗಿ ಕಟ್ಟೆಯ ಕೆಲಸ ಬೇಡ ಅಂದಳು.

"ಅಯ್ಯೋ ಆಂಟಿ, ಕಟ್ಟೆ ಅಂದ್ರೇ ನೀವು. ಇನ್ನೊಂದೆರಡು ದಿನದಲ್ಲಿ ಕೈ ಹೊಂದ್ಕೊಳುತ್ತೆ."

"ಕೈ ಹೊಂದ್ಕೊಳುತ್ತೆ ಸರ್. ಗಂಟಲು ಹೊಂದ್ಕೊಳಲ್ಲ. ಮನೇಲಿ ಅದು ಬೇಕು."

ಲೈಫ್ ಜಾಕೆಟ್ ಒಣಗಿಸುವ ಕೋಣೆಗೆ ಹಾಕಿದರು. ಒದ್ದೆ ಜಾಕೆಟ್ ಬರುತ್ತದೆ, ಕೊಕ್ಕೆಗೆ ಹಾಕಬೇಕು, ಒಣಗಿದ್ದು ಹೋಗುತ್ತದೆ. ಜಾಕೆಟ್‌ಗಳು ಎದ್ದು ನಿಲ್ಲುವುದಿಲ್ಲ, ಯಾರ ಪಕ್ಕ ನೇತುಹಾಕಿದರೂ ತಕರಾರಿಲ್ಲ. ಇಡೀ ದಿನ ಕ್ಲೋರಿನ್ ವಾಸನೆ, ಫ್ಯಾನಿನ ಸದ್ದು. ಕಟ್ಟೆಯ ಕಡೆಯಿಂದ ಬೇರೆ ಯಾರದೋ ಹೊಸ ಗಂಟಲು ಕೇಳಿಸಿದರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳಂತೆ.

ಮತ್ತೆ ತೋರಿಸಿದಾಗ ಡಾಕ್ಟರು ಒಂದು ತಿಂಗಳು ಪೂರ್ತಿ ಮೌನ ಎಂದರು. ಅಮ್ಮನಿಗೆ ಅದನ್ನು ತಿಳಿಸುವವರು ಯಾರು? ನಾವು ಹೇಳಿದ್ದು ಕೇಳಿಸದು, ಬರೆದದ್ದು ಕಾಣಿಸದು. "ಏನಕ್ಕೋ ಮುನಿಸ್ಕೊಂಡಿದಾಳೆ. ನಾನೇನಂದೆ ಅಂಥದ್ದು?" ಎಂದು ಗೋಡೆಗೆ ಹೇಳಿಕೊಂಡು ಅಮ್ಮ ಊಟ ಅರ್ಧಕ್ಕೇ ಬಿಡತೊಡಗಿದಳು. ಒಂದು ದಿನ ಅತ್ತಿಗೆ ಆಕೆಯ ಕೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು. ಅಮ್ಮ ಸ್ವಲ್ಪ ಹೊತ್ತು ಒತ್ತಿ ನೋಡಿ, "ಜ್ವರ ಇಲ್ವಲ್ಲೇ" ಅಂದಳು. ಕೈ ಮಾತ್ರ ತೆಗೆಯಲಿಲ್ಲ.

ತಿಂಗಳಾದ ಮೇಲೆ ಧ್ವನಿ ಬಂತು, ಪೂರ್ತಿ ಅಲ್ಲ. ಒಂದು ಮಾರು ದೂರಕ್ಕೆ ಮುಟ್ಟಿದರೆ ಹೆಚ್ಚು. ಇಷ್ಟೇ ಇನ್ನು ಮುಂದೆ ಎಂದರು ಡಾಕ್ಟರು. ಆ ಒಂದು ಮಾರಿನೊಳಗೆ ಇರಬೇಕೆಂದು ಅಮ್ಮ ಕುರ್ಚಿಯನ್ನು ಅಡುಗೆಮನೆಯೊಳಗೇ ಹಾಕಿಸಿಕೊಂಡಿದ್ದಾಳೆ. ಅಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ದಿನವೆಲ್ಲ ಜಾಕೆಟ್ ಎತ್ತಿ ಬಂದ ಅತ್ತಿಗೆ ಒಲೆಯಿಂದ ಸಿಂಕಿಗೆ ಹೋಗುವಾಗಲೆಲ್ಲ ಅತ್ತೆಯ ಕಾಲು ದಾಟಬೇಕು.

"ಕಾಲು ಸ್ವಲ್ಪ ತೆಗೀರಿ ಅತ್ತೆ."

"ಆಂ? ಏನಂದೆ?"

"ಕಾಲೂ!"

"ಹ್ಞೂಂ, ಕೇಳಿಸ್ತು. ಅರಚಬೇಡ" ಎಂದು ಅಮ್ಮ ಕಾಲು ಒಂದು ಬೆರಳಿನಷ್ಟು ಹಿಂದಕ್ಕೆಳೆದುಕೊಳ್ಳುತ್ತಾಳೆ.