‘ತಂದೆಗೆ ತಿಳಿದಿಲ್ಲ’ ಎಂದು ನಾನು ಬರೆದ ಹಾಳೆ

ಎರಡು ವರ್ಷಗಳ ಹಿಂದಿನ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ನಂತರದ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹೇರೋಹಳ್ಳಿಯ ಒಂದು ಪ್ರೌಢಶಾಲೆಯ ಮೂಲೆ ಕೊಠಡಿ. ಹಾಜರಿದ್ದವರು ಹತ್ತನೇ ತರಗತಿ ಪಾಸಾದ ಮೂವತ್ತನಾಲ್ಕು ಮಕ್ಕಳು, ಒಬ್ಬೊಬ್ಬರ ಜೊತೆಗೂ ತಂದೆಯೋ ತಾಯಿಯೋ, ಆ ಶಾಲೆಯ ಕನ್ನಡ ಶಿಕ್ಷಕಿ ಶೋಭಾ ಮತ್ತು ನಾನು.

ನಾನು ಮೂವತ್ತಾರು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ವಿಜಯನಗರದಲ್ಲಿ ಮನೆ. ಶೋಭಾ ನನ್ನ ಹಳೆಯ ವಿದ್ಯಾರ್ಥಿನಿ. “ಮೇಡಂ, ಮುಂದೇನು ಓದ್ಬೇಕು ಅಂತ ಈ ಮಕ್ಕಳಿಗೆ ಹೇಳೋರೇ ಇಲ್ಲ. ಪಕ್ಕದ ಮನೆಯವ್ರು ಏನು ತಗೊಂಡ್ರೋ ಅದನ್ನೇ ತಗೋತಾರೆ. ನೀವೊಂದಿನ ಬನ್ನಿ” ಎಂದು ಕರೆದಿದ್ದಳು. ಸಂತೋಷದಿಂದ ಒಪ್ಪಿಕೊಂಡಿದ್ದೆ.

ಹೋಗುವ ಮೊದಲೇ ಎಲ್ಲವನ್ನೂ ಸಿದ್ಧಮಾಡಿದ್ದೆ. ಒಬ್ಬರಿಗೆ ಹತ್ತು ನಿಮಿಷ. ಪೋಷಕರು ಹೊರಗೆ, ಮಗು ಒಬ್ಬಂಟಿಯಾಗಿ ಒಳಗೆ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಮಕ್ಕಳು ಬಾಯಿ ಬಿಡುವುದಿಲ್ಲ ಎನ್ನುವುದು ನನ್ನ ಅನುಭವ. ಪ್ರತಿಯೊಬ್ಬರಿಗೂ ಒಂದು ಹಾಳೆ. ಮೇಲೆ ಹೆಸರು ಮತ್ತು ಅಂಕ, ನಂತರ ‘ವಿದ್ಯಾರ್ಥಿಯ ಮಾತು’, ಅದರ ಕೆಳಗೆ ನನ್ನ ಸಲಹೆ, ಕೊನೆಗೆ ಪೋಷಕರ ಸಹಿ.

ಬೆಳಿಗ್ಗೆ ಶೋಭಾ ಒಮ್ಮೆ ಕೇಳಿದಳು. “ಸೈನು ಎಲ್ಲರ ಹತ್ರಾನೂ ತಗೊಳ್ಳೇಬೇಕಾ ಮೇಡಂ?”

“ಎಲ್ಲರ ಹತ್ರಾನೂ. ಸಹಿ ಇಲ್ದಿರೋ ಒಂದು ಹಾಳೇನೂ ಫೈಲಿಗೆ ಹೋಗಬಾರ್ದು” ಎಂದೆ. ಪ್ರಗತಿಪತ್ರ, ರಜಾ ಅರ್ಜಿ, ಪ್ರವಾಸದ ಚೀಟಿ, ಯಾವುದೇ ಇರಲಿ, ನನ್ನ ಶಾಲೆಯಲ್ಲಿ ಪೋಷಕರ ಸಹಿಯಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ನಾಳೆ ಯಾರೂ ‘ನಮಗೆ ಹೇಳಲೇ ಇಲ್ಲ’ ಅನ್ನಬಾರದಲ್ಲ.

ಕೆಲಸ ಚುರುಕಾಗಿ ನಡೆಯಿತು. ಹೊರಗೆ ವರಾಂಡದಲ್ಲಿ ತಾಯಂದಿರ ಮಾತು ಒಳಗಿನವರೆಗೂ ಕೇಳುತ್ತಿತ್ತು. “ನಿಮ್ಮವಳು ಏನ್ರೀ ಅಷ್ಟೊತ್ತು ಒಳಗೆ? ನಮ್ಮವಳು ಎರಡೇ ನಿಮಿಷಕ್ಕೆ ಬಂದ್ಬಿಟ್ಲು.” “ನಿಮ್ಮವಳು ಬಾಯಿಬಿಟ್ರೆ ತಾನೇ ಆಂಟಿ, ಹೊತ್ತು ಹೋಗೋದು!”

ಹತ್ತೊಂಬತ್ತನೆಯವಳಾಗಿ ಬಂದವಳು ಪಲ್ಲವಿ. ಶೇಕಡ ಎಂಬತ್ತೆಂಟು. ಎರಡು ಜಡೆ, ಕುರ್ಚಿಯ ತುದಿಯಲ್ಲಿ ಕೂತಳು. ಏನು ಕೇಳಿದರೂ “ಸೈನ್ಸ್ ಮಿಸ್, ಅಪ್ಪ ಸೈನ್ಸ್ ಅಂದಿದಾರೆ” ಅನ್ನುವುದೊಂದೇ.

“ಅಪ್ಪ ಅಂದಿದ್ದು ಗೊತ್ತಾಯ್ತಮ್ಮ. ನೀನೇನಂತೀಯಾ?”

ಅವಳು ಬಾಗಿಲ ಕಡೆ ನೋಡಿದಳು. “ಹೇಳು, ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ” ಎಂದೆ. ಆ ಮಾತನ್ನು ಅದಕ್ಕೂ ಮುಂಚೆ ಹದಿನೆಂಟು ಮಕ್ಕಳಿಗೆ ಹೇಳಿದ್ದೆ.

“ಮಿಸ್, ಉಲ್ಲಾಳದಲ್ಲಿ ನಮ್ಮ ಮಾವಂದು ಗಾಡಿ ಗ್ಯಾರೇಜಿದೆ. ಅಮ್ಮನ ತಮ್ಮ. ಶನಿವಾರ ಫ್ರೆಂಡ್ ಮನೇಲಿ ಓದ್ಕೋತೀನಿ ಅಂತ ಹೇಳಿ ಅಲ್ಲಿಗೆ ಹೋಗ್ತೀನಿ. ಕ್ಲಚ್ ಪ್ಲೇಟ್ ನಾನೇ ಹಾಕ್ತೀನಿ ಮಿಸ್. ಮಾವ ಪಕ್ಕದಲ್ಲಿ ಸುಮ್ನೆ ನಿಂತ್ಕೊಂಡಿರ್ತಾರೆ ಅಷ್ಟೇ.” ಈಗ ಅವಳು ಕುರ್ಚಿಯ ಪೂರ್ತಿ ಕೂತಿದ್ದಳು. “ನಂಗೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡ್ಬೇಕು. ಆದ್ರೆ ಅಪ್ಪಂಗೂ ಮಾವಂಗೂ ಮಾತಿಲ್ಲ. ಗ್ಯಾರೇಜಿಗೆ ಹೋಗೋದು ಅಮ್ಮಂಗೆ ಮಾತ್ರ ಗೊತ್ತು.”

“ಅಪ್ಪಂಗೆ ಯಾವಾಗ ಹೇಳ್ತೀಯಾ?”

“ಅಪ್ಲಿಕೇಶನ್ನಿಗೆ ಇನ್ನೂ ಹತ್ತು ದಿನ ಇದೆ ಮಿಸ್. ಅಮ್ಮ ನಿಧಾನವಾಗಿ ಮಾತು ತೆಗೀತೀನಿ ಅಂದಿದಾರೆ.”

ಬುದ್ಧಿವಂತ ಹುಡುಗಿ, ತನ್ನ ದಾರಿ ತಾನೇ ನೋಡಿಕೊಂಡಿದ್ದಾಳೆ ಅನ್ನಿಸಿತು. ಅವಳು ಹೇಳಿದ್ದನ್ನು ಒಂದೂ ಬಿಡದಂತೆ ದುಂಡಗೆ ಬರೆದೆ. ‘ಪ್ರತಿ ಶನಿವಾರ ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಾಳೆ. ತಾಯಿಗೆ ತಿಳಿದಿದೆ. ತಂದೆಗೆ ತಿಳಿದಿಲ್ಲ.’ ಸಲಹೆಯ ಜಾಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಎಂದು ಬರೆದು, ಹಾಳೆಯನ್ನು ಮೇಜಿನ ಎಡಗಡೆ ಇಟ್ಟೆ. ಎಡಗಡೆಯ ಹಾಳೆಗಳನ್ನು ಶೋಭಾ ಹೊರಗೆ ಒಯ್ದು ಸಹಿ ಹಾಕಿಸಬೇಕು. ಅದು ನಾನೇ ಮಾಡಿದ ಏರ್ಪಾಡು.

ಇಪ್ಪತ್ತನೆಯ ಮಗುವನ್ನು ಮಾತಾಡಿಸುತ್ತಿದ್ದಾಗ ವರಾಂಡದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಶೋಭಾ ಬಾಗಿಲಲ್ಲಿ ನಿಂತು “ಮೇಡಂ, ಒಂದ್ನಿಮಿಷ ಬನ್ನಿ” ಎಂದಳು. ಅವಳ ಮುಖ ನೋಡಿ ಎದ್ದೆ.

ಪಲ್ಲವಿಯ ತಂದೆ ಕಂಬದ ಪಕ್ಕ ನಿಂತಿದ್ದರು. ಜ್ಞಾನಭಾರತಿಯ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸ. ಹಾಳೆ ಕೈಯಲ್ಲೇ ಇತ್ತು. ಪಲ್ಲವಿ ಗೋಡೆ ನೋಡುತ್ತ ನಿಂತಿದ್ದಳು.

“ದಿನವಿಡೀ ಫೈಲ್ ಹಿಡ್ಕೊಂಡು ಓಡಾಡೋನು ಮೇಡಂ ನಾನು. ಓದ್ದೆ ಸೈನ್ ಹಾಕೋ ಅಭ್ಯಾಸ ಇಲ್ಲ” ಎಂದರು. ಸ್ವರ ಏರಲಿಲ್ಲ. “ತಂದೆಗೆ ತಿಳಿದಿಲ್ಲ ಅಂತ ಬರ್ದಿದೀರಾ. ಈಗ ತಿಳೀತು.”

ನನಗೆ ಆಗ ಹೊಳೆಯಿತು, ನಾನೇನು ಮಾಡಿದ್ದೇನೆ ಎಂದು. ತಡವರಿಸುತ್ತ, ಡಿಪ್ಲೊಮಾ ಒಳ್ಳೆಯ ಓದು, ಅದಾದ ಮೇಲೆ ಎಂಜಿನಿಯರಿಂಗಿಗೂ ಸೇರಬಹುದು, ಹುಡುಗಿಗೆ ನಿಜವಾದ ಆಸಕ್ತಿಯಿದೆ ಎಂದೆಲ್ಲ ಹೇಳತೊಡಗಿದೆ.

“ಡಿಪ್ಲೊಮಾ ಬೇಡ ಅಂತೀನೋ ಬೇಕು ಅಂತೀನೋ, ಅದು ಅವಳು ನನ್ನ ಕೇಳಿದ್ಮೇಲಿನ ಮಾತು ಮೇಡಂ. ಮನೇಲಿ ಇಬ್ರು ಸೇರ್ಕೊಂಡು ಪ್ರತಿ ಶನಿವಾರ ನನ್ನ ಹತ್ರ ಸುಳ್ಳು ಹೇಳಿದಾರೆ. ಅದನ್ನ ಇಷ್ಟು ಜನರ ಮಧ್ಯೆ ನಿಂತ್ಕೊಂಡು ಓದ್ದೆ ನಾನು.” ಜೇಬಿನಿಂದ ಪೆನ್ನು ತೆಗೆದು, ಕಂಬಕ್ಕೆ ಹಾಳೆ ಒತ್ತಿ ಹಿಡಿದು, ತಪ್ಪಿಲ್ಲದಂತೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. “ನಡಿಯೇ” ಎಂದು ಮಗಳಿಗೆ ಹೇಳಿ ಮೆಟ್ಟಿಲಿಳಿದರು.

ಪಲ್ಲವಿ ನನ್ನ ಮುಂದೆ ಒಂದು ಕ್ಷಣ ನಿಂತಳು. “ನೀವು ಕೇಳಿದ್ರಿ ಅಂತ ಹೇಳ್ದೆ ಮಿಸ್” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು.

ಮುಂದೆ ಆದದ್ದು ಶೋಭಾಳಿಂದ ತಿಳಿಯಿತು. ಡಿಪ್ಲೊಮಾ ಅರ್ಜಿಯ ಗಡುವು ಮುಗಿಯಿತು. ಪಲ್ಲವಿಯನ್ನು ವಿಜಯನಗರದ ಒಂದು ಕಾಲೇಜಿನಲ್ಲಿ ಸೈನ್ಸಿಗೆ ಸೇರಿಸಿದರು. ಗ್ಯಾರೇಜು ನಿಂತಿತು. ಅವಳ ತಾಯಿ ಎಷ್ಟೋ ತಿಂಗಳು ತವರಿನ ಕಡೆ ತಲೆಹಾಕಲಿಲ್ಲವಂತೆ. ನಾನು ಆ ಮನೆಗೆ ಎರಡು ಸಲ ಹೋದೆ. ತಂದೆ ಕೂರಿಸಿ ಮರ್ಯಾದೆಯಿಂದ ಕಾಫಿ ಕೊಟ್ಟರು. ತಪ್ಪು ನನ್ನದು ಎಂದು ಹೇಳಿಕೊಂಡೆ. “ಬಿಡಿ ಮೇಡಂ, ಆಗಿದ್ದಾಯ್ತು” ಎಂದರು. ಪಲ್ಲವಿ ಒಳಕೋಣೆಯಿಂದ ಹೊರಗೆ ಬರಲಿಲ್ಲ, ಎರಡು ಸಲವೂ. ಅವಳಿಗೆ ಹತ್ತು ದಿನ ಬೇಕಿತ್ತು. ತಾಯಿ ನಿಧಾನವಾಗಿ ಮಾತು ತೆಗೆದಿದ್ದರೆ ಆ ತಂದೆ ಒಪ್ಪುತ್ತಿದ್ದರೇನೋ. ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ. ಮಕ್ಕಳು ನಂಬಿ ಹೇಳಿದ್ದನ್ನು ಕಾಗದಕ್ಕೆ ಇಳಿಸಬೇಕಾಗಿಲ್ಲ ಎಂಬಷ್ಟು ಸಣ್ಣ ವಿಷಯ ಮೂವತ್ತಾರು ವರ್ಷದಲ್ಲಿ ನನಗೆ ತಿಳಿಯದೆ ಹೋದದ್ದು ಇವತ್ತಿಗೂ ಚುಚ್ಚುತ್ತದೆ.

ಆ ದಿನ ಉಳಿದ ಮಕ್ಕಳನ್ನು ಪೆನ್ನು ಮುಚ್ಚಿಟ್ಟು ಮಾತಾಡಿಸಿದೆ. ಮೂರೂವರೆಗೆ ಎಲ್ಲ ಮುಗಿಯಿತು. ಆಮೇಲೆ ಸಹಿಯಾದ ಹಾಳೆಗಳನ್ನು ಒಂದೊಂದಾಗಿ ಓದಿದೆ. ಇನ್ನೂ ಮೂರರಲ್ಲಿ, ಮನೆಯಲ್ಲಿ ಹೇಳಬೇಡಿ ಎಂದು ಮಕ್ಕಳು ಹೇಳಿಕೊಂಡಿದ್ದನ್ನು ಹಾಗೆಯೇ ಬರೆದಿದ್ದೆ. ಮೂರಕ್ಕೂ ಪೋಷಕರು ಸಹಿ ಹಾಕಿದ್ದರು. ಯಾರೂ ಓದಿರಲಿಲ್ಲ. ಮಗಳ ಹಾಳೆಯನ್ನು ಪೂರ್ತಿ ಓದಿದವರು ಆ ಒಬ್ಬ ತಂದೆ.

ಶೋಭಾಳಿಂದ ಬಿಳಿ ಹಾಳೆ ತರಿಸಿಕೊಂಡೆ. ಮೂವತ್ತನಾಲ್ಕು ಮಕ್ಕಳ ಹೆಸರು, ಅಂಕ, ನನ್ನ ಸಲಹೆ, ಇಷ್ಟನ್ನೇ ಬೇರೆಯಾಗಿ ಬರೆದೆವು. ಅರ್ಧ ಅವಳು, ಅರ್ಧ ನಾನು. ಹಳೆಯ ಹಾಳೆಗಳನ್ನು ಒಂದೊಂದಾಗಿ ನಾನೇ ಹರಿದೆ. ಪಲ್ಲವಿಯದನ್ನು ಹರಿಯುವುದರಿಂದ ಇನ್ನು ಯಾರಿಗೂ ಏನೂ ಪ್ರಯೋಜನವಿರಲಿಲ್ಲ. ಅದನ್ನೂ ಹರಿದೆ. ಫೈಲಿಗೆ ದಾರ ಕಟ್ಟಿ ಶೋಭಾಳ ಕೈಗೆ ಕೊಟ್ಟಾಗ ಗಂಟೆ ಐದೂ ಮುಕ್ಕಾಲು.